ಗಲ್ಲಾಪೆಟ್ಟಿಗೆಗೆ ಮೊದಲ ಪಾಲು, ಗಿರಾಕಿಗಳಿಗೆ ಸಮಪಾಲು: ಹೋಟೆಲು, ಲಾಡ್ಜುಗಳಲ್ಲಿ ಗೆಸ್ಟ್ ವೈಫೈ ಹಂಚುವ ಸಮಗ್ರ ಮಾರ್ಗದರ್ಶಿ

ಭಾನುವಾರ ಬೆಳಗ್ಗೆ ಎಂಟೂವರೆಗೆ ತುಮಕೂರಿನ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲುಗಳಲ್ಲಿ ಕೂರಲು ಜಾಗ ಸಿಗುವುದು ಕಷ್ಟ. ಬೆಂಗಳೂರು ಕಡೆಯಿಂದ ಬಂದವರು, ಸಿದ್ಧಗಂಗೆಗೆ ಹೊರಟವರು, ದೇವರಾಯನದುರ್ಗ ನೋಡಿ ಇಳಿದವರು ಎಲ್ಲರೂ ಒಟ್ಟಿಗೆ ಸೇರುವ ಹೊತ್ತು ಅದು. ಸರಿಯಾಗಿ ಆಗಲೇ ಗಲ್ಲಾದ ಕಂಪ್ಯೂಟರಿನಲ್ಲಿ ಬಿಲ್ಲು ಸುತ್ತುತ್ತಾ ನಿಲ್ಲುತ್ತದೆ, ಕಾರ್ಡ್ ಉಜ್ಜುವ ಯಂತ್ರ ಸಂಪರ್ಕ ಸಿಗದೆ ಒದ್ದಾಡುತ್ತದೆ. ಫೋನ್ ಮಾಡಿದರೆ ಕೇಬಲ್‌ನವರು ಬಂದು ಸ್ಪೀಡ್ ನೋಡಿ, ಲೈನ್ ಸರಿಯಿದೆ, ದೊಡ್ಡ ಪ್ಲ್ಯಾನ್ ಹಾಕಿಸಿಕೊಳ್ಳಿ ಎನ್ನುತ್ತಾರೆ. 100ರಿಂದ 200 ಎಂಬಿಪಿಎಸ್‌ಗೆ ಏರಿಸಿದರೂ ಮುಂದಿನ ಭಾನುವಾರ ಅದೇ ಪಾಡು.

ಹಣ ಕೊಟ್ಟು ವೇಗ ಏರಿಸುವ ಮೊದಲು ಇರುವ ವೇಗವನ್ನು ಹಂಚಲು ಕಲಿಯಬೇಕು. ಕೆಳಗೆ 40 ಆಸನದ ಹೋಟೆಲು, ಮೇಲೆ 10 ರೂಮಿನ ಲಾಡ್ಜು, 100 ಎಂಬಿಪಿಎಸ್ ಫೈಬರ್ ಲೈನ್ ಇರುವ ಕಟ್ಟಡವನ್ನು ಮಾದರಿಯಾಗಿ ಇಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದೆ. ಕ್ಲಿನಿಕ್, ಸಲೂನ್, ಕೋಚಿಂಗ್ ಸೆಂಟರ್, ಸಣ್ಣ ಛತ್ರಗಳಿಗೂ ಕ್ರಮ ಇದೇ, ಅಂಕಿಗಳಷ್ಟೇ ಬದಲಾಗುತ್ತವೆ.

## ಅಡಚಣೆ ಹುಟ್ಟುವ ಜಾಗ

ಯುಪಿಐ ಪಾವತಿಗೋ ಬಿಲ್ಲಿಗೋ ಬೇಕಾಗುವ ಡೇಟಾ ಕೆಲವೇ ಕೆಬಿ. ಅಷ್ಟಕ್ಕೂ ದಾರಿ ಸಿಗದಿರುವುದಕ್ಕೆ ಕಾರಣ ಮುಂದೆ ನಿಂತಿರುವ ಸರದಿ. ಗಿರಾಕಿಯ ಫೋನು ವೈಫೈ ಸಿಕ್ಕ ಕೂಡಲೇ ಹಿಂದಿನ ದಿನ ತೆಗೆದ ಫೋಟೊ, ವಿಡಿಯೊಗಳನ್ನು ಕ್ಲೌಡಿಗೆ ಏರಿಸಲು ಶುರುಮಾಡುತ್ತದೆ. ಫೋನಿನವರಿಗೆ ಅದು ಗೊತ್ತೂ ಆಗುವುದಿಲ್ಲ. ಅಂಥ ಆರೇಳು ಫೋನು ಸೇರಿದರೆ ಅಪ್‌ಲೋಡ್ ದಾರಿ ತುಂಬುತ್ತದೆ. ತುಂಬಿದಾಗ ರೂಟರು ಹೆಚ್ಚಾದ ಪ್ಯಾಕೆಟ್‌ಗಳನ್ನು (ಡೇಟಾದ ಪುಟ್ಟ ಕಂತುಗಳನ್ನು) ಬಿಸಾಡದೆ ತನ್ನ ಮೆಮೊರಿಯಲ್ಲಿ ಪೇರಿಸಿಕೊಳ್ಳುತ್ತದೆ, ಬಿಲ್ಲಿಂಗಿನ ಪುಟ್ಟ ಪ್ಯಾಕೆಟ್ಟು ಆ ರಾಶಿಯ ಬಾಲದಲ್ಲಿ ನಿಲ್ಲುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ಡೌನ್‌ಲೋಡ್ ಕೂಡ ಇದರಿಂದ ಕುಂಟುತ್ತದೆ, ಯಾಕೆಂದರೆ ಇಳಿದುಬಂದ ಪ್ರತಿ ಕಂತಿಗೂ ‘ಮುಟ್ಟಿತು’ ಎಂಬ ರಸೀದಿ ಅದೇ ಅಪ್‌ಲೋಡ್ ದಾರಿಯಲ್ಲಿ ಹಿಂದಕ್ಕೆ ಹೋಗಬೇಕು.

ನಮ್ಮ ಸೀಮೆಯ ಕೆರೆಗಳ ನೀರುಗಂಟಿಯನ್ನು ನೆನಪಿಸಿಕೊಂಡರೆ ಪರಿಹಾರ ತಾನಾಗಿ ಹೊಳೆಯುತ್ತದೆ. ನೀರುಗಂಟಿ ತೂಬಿನ ಬಳಿ ನಿಂತು ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ತೀರ್ಮಾನಿಸುತ್ತಿದ್ದ. ತೂಬು ಬೇರೆಯವನ ಕೈಯಲ್ಲಿದ್ದರೆ ಕಾಲುವೆಯ ಕೊನೆಯಲ್ಲಿ ನಿಂತು ಅವನು ಮಾಡುವುದು ಏನೂ ಇರಲಿಲ್ಲ. ವೈಫೈಯಲ್ಲೂ ಹಾಗೇ: ಸರದಿ ಕಂಪನಿಯ ಪೆಟ್ಟಿಗೆಯಲ್ಲಿ ಬೆಳೆದರೆ ಅದು ನಿಮ್ಮ ಮಾತು ಕೇಳುವುದಿಲ್ಲ. ನಿಮ್ಮ ರೂಟರನ್ನು ಲೈನಿನ ನಿಜವಾದ ವೇಗಕ್ಕಿಂತ ತುಸು ಕಡಿಮೆಗೆ ಕಟ್ಟಿಹಾಕಿದಾಗ ಮಾತ್ರ ಸರದಿ ನಿಮ್ಮಲ್ಲಿ ನಿಲ್ಲುತ್ತದೆ, ತೂಬು ನಿಮ್ಮ ಕೈಗೆ ಬರುತ್ತದೆ. ಮುಂದಿನ ಸೆಟ್ಟಿಂಗುಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

## ಮೊದಲು ಅಳತೆ

ಲ್ಯಾಪ್‌ಟಾಪನ್ನು ಕಂಪನಿಯ ಓಎನ್‌ಟಿ ಪೆಟ್ಟಿಗೆಗೆ (ಫೈಬರ್ ಬಂದು ಸೇರುವ ಪೆಟ್ಟಿಗೆ) ನೇರವಾಗಿ ಕೇಬಲ್ಲಿನಲ್ಲಿ ಜೋಡಿಸಿ. ವೈಫೈ ಮೇಲೆ ಅಳೆದ ಅಂಕಿ ಈ ಕೆಲಸಕ್ಕೆ ಬಾರದು. ಬೇರೆ ಯಾವ ಸಾಧನವೂ ಜೋಡಣೆಯಲ್ಲಿ ಇರಬಾರದು. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಒಂದಕ್ಕೆ, ರಾತ್ರಿ ಒಂಬತ್ತಕ್ಕೆ, ಹೀಗೆ ಮೂರು ದಿನ ಅಳೆದು ಡೌನ್‌ಲೋಡ್, ಅಪ್‌ಲೋಡ್ ಎರಡನ್ನೂ ಬರೆದಿಡಿ. ಲೆಕ್ಕಕ್ಕೆ ಹಿಡಿಯಬೇಕಾದ್ದು ಇವುಗಳಲ್ಲಿ ಅತಿ ಕಡಿಮೆ ಬಂದ ಅಂಕಿ. ಸರಾಸರಿ ಹಿಡಿದರೆ ಜನ ತುಂಬಿದ ಹೊತ್ತಿನಲ್ಲೇ ಲೆಕ್ಕ ತಪ್ಪುತ್ತದೆ. ನಮ್ಮ ಮಾದರಿಯಲ್ಲಿ ಅದು ಡೌನ್‌ಲೋಡ್ 92, ಅಪ್‌ಲೋಡ್ 88 ಎಂದಿರಲಿ.

ಜೊತೆಗೆ ವಿಂಡೋಸ್ ಕಮಾಂಡ್ ಕಿಟಕಿಯಲ್ಲಿ ಗೂಗಲ್‌ನ ಸರ್ವರಾದ 8.8.8.8ಕ್ಕೆ ಎಡೆಬಿಡದೆ ಪಿಂಗ್ ಓಡಿಸಿ; ಒಂದು ಪ್ಯಾಕೆಟ್ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತನ್ನು ಅದು ತೋರಿಸುತ್ತದೆ. ಲೈನ್ ಖಾಲಿಯಿದ್ದಾಗ ಬರುವ ಮಿಲಿಸೆಕೆಂಡ್ ಅಂಕಿ ಬರೆದುಕೊಳ್ಳಿ. ಈಗ ದೊಡ್ಡದೊಂದು ವಿಡಿಯೊವನ್ನು ಅಪ್‌ಲೋಡ್‌ಗೆ ಹಾಕಿ ಮತ್ತೆ ನೋಡಿ. 15 ಇದ್ದದ್ದು 30, 40 ಆದರೆ ಚಿಂತೆಯಿಲ್ಲ. 200, 300 ದಾಟಿದರೆ ನಿಮ್ಮ ರೋಗ ಬಫರ್‌ಬ್ಲೋಟೇ. ಪಿಂಗ್ ಏರದೆ ವೈಫೈಯಲ್ಲಿ ಮಾತ್ರ ನಿಧಾನವಿದ್ದರೆ ದೋಷ ಗಾಳಿಯಲ್ಲಿದೆ. ಅದಕ್ಕೆ ಮುಂದೆ ಬೇರೆಯೇ ಭಾಗವಿದೆ.

## ಎಷ್ಟು ಬೇಕು ಎಂಬ ಲೆಕ್ಕ

ಯೂಟ್ಯೂಬ್ ತಾನೇ ಹೇಳುವ ಪ್ರಕಾರ 480ಪಿ ವಿಡಿಯೊಗೆ ಸುಮಾರು 1.1, 720ಪಿಗೆ 2.5, 1080ಪಿಗೆ 5, 4ಕೆಗೆ 20 ಎಂಬಿಪಿಎಸ್ ಸಾಕು. ಫೋನಿನ ಪರದೆಯಲ್ಲಿ 720ಪಿ ಧಾರಾಳ. ಒಬ್ಬರ ವಿಡಿಯೊ ಮೀಟಿಂಗಿಗೆ ಎರಡೂ ದಿಕ್ಕಿನಲ್ಲಿ 3ರಿಂದ 4 ಇಟ್ಟುಕೊಳ್ಳಿ.

ರಾತ್ರಿ ಹತ್ತು ರೂಮು ತುಂಬಿದರೆ 20 ಜನ, 25ರಿಂದ 30 ಸಾಧನ. ಅದರಲ್ಲಿ ಹತ್ತರಲ್ಲಿ ವಿಡಿಯೊ ಓಡುತ್ತಿದ್ದರೂ 25ರಿಂದ 50 ಎಂಬಿಪಿಎಸ್. ಬೆಳಗಿನ ಹೋಟೆಲ್ ಜನಕ್ಕೆ ಇದಕ್ಕಿಂತ ಕಡಿಮೆಯೇ ಬೇಕಾಗುತ್ತದೆ; ಒಂದು ಕೈಯಲ್ಲಿ ಇಡ್ಲಿ ಇರುವವರು ಸಿನಿಮಾ ನೋಡುವುದಿಲ್ಲ. ಅಂದರೆ 100 ಎಂಬಿಪಿಎಸ್ ಇಡೀ ಕಟ್ಟಡಕ್ಕೆ ಸಾಕು.

ಇನ್ನೊಂದು ಲೆಕ್ಕವೂ ಬೇಕು. ‘ಅನ್‌ಲಿಮಿಟೆಡ್’ ಎನ್ನುವ ಹಲವು ಫೈಬರ್ ಯೋಜನೆಗಳಲ್ಲಿ ತಿಂಗಳಿಗೆ 3,300 ಜಿಬಿಯ ಮಿತಿ ಇರುತ್ತದೆ. ದಿನಕ್ಕೆ ಎಂಟು ಗಂಟೆ, ಸರಾಸರಿ 30 ಎಂಬಿಪಿಎಸ್ ಹರಿದರೆ ದಿನಕ್ಕೆ 108 ಜಿಬಿ, ಮೂವತ್ತು ದಿನಕ್ಕೆ 3,240 ಜಿಬಿ. ಮಿತಿ ದಾಟಿದ ಮೇಲೆ ವೇಗ ಬೆರಳೆಣಿಕೆಯ ಎಂಬಿಪಿಎಸ್‌ಗೆ ಬೀಳುತ್ತದೆ. ಆಗ ನೀವು 80ರ ಆಸುಪಾಸಿಗೆ ಕಟ್ಟಿದ ತೂಬು ಇದ್ದೂ ಇಲ್ಲದಂತೆ. ಸರದಿ ಮತ್ತೆ ಕಂಪನಿಯ ಪೆಟ್ಟಿಗೆಗೆ ಹೋಗುತ್ತದೆ. ತಿಂಗಳ ಕೊನೆಯ ವಾರದಲ್ಲಿ ಮಾತ್ರ ಎಲ್ಲವೂ ಕೆಟ್ಟರೆ ಮೊದಲು ಡೇಟಾ ಬಳಕೆ ನೋಡಿ.

## ಬೇಕಾದ ಸಾಮಾನು

ಸರದಿಯನ್ನು ನಿಭಾಯಿಸಬಲ್ಲ ರೂಟರ್ ಒಂದು. ಮೈಕ್ರೋಟಿಕ್ ಹೆಕ್ಸ್ ಈ ಗಾತ್ರಕ್ಕೆ ಒಪ್ಪುವಂಥದ್ದು: ಐದು ಗಿಗಾಬಿಟ್ ಪೋರ್ಟು, ಒಂದು ಯುಎಸ್‌ಬಿ, ವೈಫೈ ಇಲ್ಲ. ಇದರ ಮೆನು ಮೊದಲ ದಿನ ತಲೆ ತಿನ್ನುತ್ತದೆ, ಆದರೆ ಹಂಚಿಕೆಯಲ್ಲಿ ಇದಕ್ಕಿರುವ ಹಿಡಿತ ಅಂಗಡಿಯಲ್ಲಿ ಸಿಗುವ ಮನೆಬಳಕೆಯ ರೂಟರುಗಳಿಗೆ ಇಲ್ಲ. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಿದ ರೂಟರೂ ಆಗುತ್ತದೆ. ಟಿಪಿ-ಲಿಂಕ್ ಓಮಾಡಾ ಸರಣಿಯದ್ದು ಬಳಸಲು ಸುಲಭ.

ಆಕ್ಸೆಸ್ ಪಾಯಿಂಟ್ (ವೈಫೈ ಬೀರುವ ಪೆಟ್ಟಿಗೆ) ಮೂರು: ಹೋಟೆಲ್ ಹಾಲಿಗೆ ಒಂದು, ಮಹಡಿಯ ಓಣಿಗೆ ಎರಡು. ಇಟ್ಟಿಗೆ ಗೋಡೆಯಾದರೆ ನಾಲ್ಕೈದು ರೂಮಿಗೆ ಒಂದು ಸಾಕು. ಹಳೆಯ ಕಟ್ಟಡದಲ್ಲಿ ಕಲ್ಲುಚಪ್ಪಡಿ ಗೋಡೆಯಿದ್ದರೆ 5 ಗಿಗಾಹರ್ಟ್ಸ್ ತರಂಗ ಒಂದು ಗೋಡೆಗೇ ಸೋಲುತ್ತದೆ. ಎರಡು ಮೂರು ರೂಮಿಗೆ ಒಂದು ಬೇಕು. ವಿಎಲ್‌ಎಎನ್ (ಒಂದೇ ತಂತಿಯ ಮೇಲೆ ಬೇರೆ ಬೇರೆ ಜಾಲ ನಡೆಸುವ ವಿಧಾನ) ಬೆಂಬಲಿಸುವ, ಕೇಬಲ್ಲಿನಲ್ಲೇ ವಿದ್ಯುತ್ತನ್ನೂ ಕೊಡುವ ಪಿಓಇ ಸ್ವಿಚ್ ಒಂದು. ಕ್ಯಾಟ್ 6 ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದನ್ನೇ ಕೇಳಿ. ತಾಮ್ರದ ಲೇಪನ ಮಾಡಿದ ಅಲ್ಯೂಮಿನಿಯಂ ತಂತಿ ಅಗ್ಗ, ಆದರೆ ದೂರ ಹೆಚ್ಚಾದಂತೆ ಪಿಓಇ ವಿದ್ಯುತ್ತು ಕುಸಿದು ಆಕ್ಸೆಸ್ ಪಾಯಿಂಟ್ ತಂತಾನೆ ರೀಸ್ಟಾರ್ಟ್ ಆಗುತ್ತದೆ. ಅಡುಗೆಮನೆ ಮೇಲಿನ ಅಟ್ಟದಲ್ಲಿ ಇಲಿ ಕಾಟ ಇರುವುದರಿಂದ ಕೇಬಲ್ಲನ್ನು ಪಿವಿಸಿ ಪೈಪಿನೊಳಗೇ ಎಳೆಯಿರಿ.

ಕರೆಂಟ್ ಹೋದಾಗ ಓಎನ್‌ಟಿ, ರೂಟರು, ಸ್ವಿಚ್ಚು ಮೂರೂ ಬದುಕಿರಬೇಕು. ಬಿಲ್ಲಿಂಗ್ ಕಂಪ್ಯೂಟರಿನ ಯುಪಿಎಸ್‌ನಿಂದಲೇ ಇವಕ್ಕೂ ಲೈನ್ ಕೊಡಬಹುದು, ಒಟ್ಟು ಎಳೆತ 60 ವ್ಯಾಟ್ ದಾಟುವುದು ಅಪರೂಪ. ಎದುರಿನ ಕಟ್ಟಡಕ್ಕೆ ಲೈನ್ ಎಳೆಯುವುದಿದ್ದರೆ ತಾಮ್ರ ಬೇಡ, ಫೈಬರ್ ಹಾಕಿ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಹೊರಗೆ ಎಳೆದ ತಾಮ್ರದ ಕೇಬಲ್ಲು ಎರಡೂ ತುದಿಯ ಪೋರ್ಟುಗಳನ್ನು ಸುಡುತ್ತದೆ.

## ಓಎನ್‌ಟಿಯನ್ನು ಬ್ರಿಡ್ಜ್‌ಗೆ ಹಾಕಿಸುವುದು

ಕೇಬಲ್‌ನವರಿಗೆ ಕೇಳಬೇಕಾದ್ದು ಮೂರು: ಓಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ (ತಾನು ರೂಟರ್ ಆಗದೆ ಲೈನನ್ನು ಹಾಗೇ ದಾಟಿಸುವಂತೆ) ಹಾಕಿಕೊಡಿ, ಪಿಪಿಪಿಓಇ (ಲೈನಿನ ಲಾಗಿನ್) ಹೆಸರು ಮತ್ತು ಪಾಸ್‌ವರ್ಡ್ ಕೊಡಿ, ವಿಎಲ್‌ಎಎನ್ ಸಂಖ್ಯೆ ಇದ್ದರೆ ತಿಳಿಸಿ. ಇಷ್ಟಾದರೆ ನಿಮ್ಮ ರೂಟರಿನಲ್ಲೇ ಡಯಲ್ ಮಾಡಬಹುದು. ಅವರು ಒಪ್ಪದಿದ್ದರೆ ಜಗಳ ಬೇಡ. ಓಎನ್‌ಟಿ ರೂಟರ್ ಆಗಿಯೇ ಇರಲಿ, ಅದರ ಹಿಂದೆ ನಿಮ್ಮದನ್ನು ಜೋಡಿಸಿ. ಬ್ರೌಸಿಂಗಿಗೂ ಪಾವತಿಗೂ ತೊಂದರೆಯಾಗದು. ಒಂದು ಮಾತ್ರ ಕಡ್ಡಾಯ: ಓಎನ್‌ಟಿಯ ವೈಫೈ ಆರಿಸಿ, ಅದರ ಉಳಿದ ಪೋರ್ಟುಗಳಿಗೆ ಏನನ್ನೂ ಚುಚ್ಚಬೇಡಿ. ಹಳೇ ಪಾಸ್‌ವರ್ಡ್ ಗೊತ್ತಿರುವ ನಾಲ್ಕು ಜನ ಅಲ್ಲೇ ಸೇರಿಕೊಂಡರೆ ನಿಮ್ಮ ಹಂಚಿಕೆಯನ್ನು ತಪ್ಪಿಸಿಕೊಂಡು ಹೋದಂತೆಯೇ.

## ಜಾಲವನ್ನು ಮೂರು ಹೋಳು ಮಾಡುವುದು

ಮೊದಲನೆಯದು ವಿಎಲ್‌ಎಎನ್ 10, ವಿಳಾಸ 192.168.10.0/24: ಬಿಲ್ಲಿಂಗ್ ಕಂಪ್ಯೂಟರ್, ಅಡುಗೆಮನೆಯ ಕೆಓಟಿ (ಆರ್ಡರ್ ಚೀಟಿ) ಪ್ರಿಂಟರ್, ಆರ್ಡರ್ ಬರೆಯುವ ಟ್ಯಾಬ್, ಕಾರ್ಡ್ ಯಂತ್ರ. ಎರಡನೆಯದು ವಿಎಲ್‌ಎಎನ್ 20, 192.168.20.0/24: ಸಿಸಿ ಕ್ಯಾಮೆರಾ. ಮೂರನೆಯದು ವಿಎಲ್‌ಎಎನ್ 50, 192.168.50.0/24: ಅತಿಥಿಗಳು. ವೈಫೈ ಹೆಸರು ಎರಡೇ ಇರಲಿ, ಸಿಬ್ಬಂದಿಗೊಂದು, ಅತಿಥಿಗೊಂದು. ಪ್ರತಿ ಹೆಸರೂ ಸೆಕೆಂಡಿಗೆ ಸುಮಾರು ಹತ್ತು ಬಾರಿ ತನ್ನನ್ನು ತಾನೇ ಸಾರಿಕೊಳ್ಳುವುದರಿಂದ ಹೆಸರು ಹೆಚ್ಚಿದಷ್ಟೂ ಗಾಳಿ ವ್ಯರ್ಥ.

ಮೈಕ್ರೋಟಿಕ್‌ನಲ್ಲಿ ಈ ಕೆಲಸಕ್ಕೆ ಇಳಿಯುವ ಮೊದಲು ಅದರ ಸೆಟ್ಟಿಂಗ್ ತಂತ್ರಾಂಶವಾದ ವಿನ್‌ಬಾಕ್ಸ್‌ನ ಸೇಫ್ ಮೋಡ್ ಒತ್ತಿ. ಸಂಪರ್ಕ ತಪ್ಪಿದರೆ ಮಾಡಿದ ಬದಲಾವಣೆ ತಾನಾಗಿ ವಾಪಸಾಗುತ್ತದೆ. ಐದನೇ ಪೋರ್ಟನ್ನು ಬ್ರಿಡ್ಜಿನಿಂದ (ಇಲ್ಲಿ ರೂಟರಿನ ಪೋರ್ಟುಗಳ ಗುಂಪು) ಹೊರಗಿಟ್ಟು ನಿಮ್ಮ ಪ್ರವೇಶಕ್ಕೆ ಮೀಸಲಿಡಿ. ವಿಎಲ್‌ಎಎನ್ ಫಿಲ್ಟರಿಂಗ್ ಆಯ್ಕೆಯನ್ನು ಆನ್ ಮಾಡುವುದು ಎಲ್ಲಕ್ಕಿಂತ ಕೊನೆಗೆ. ಮೊದಲೇ ಒತ್ತಿದವರು ರೂಟರಿನಿಂದಲೇ ಹೊರಬಿದ್ದು ರೀಸೆಟ್ ಪಿನ್ ಹುಡುಕುತ್ತಾರೆ.

ಅತಿಥಿ ಜಾಲಕ್ಕೆ ಫೈರ್‌ವಾಲಿನಲ್ಲಿ ಎರಡು ಕಟ್ಟು. ಫಾರ್ವರ್ಡ್ ಸರಪಳಿಯಲ್ಲಿ (ರೂಟರನ್ನು ದಾಟಿಹೋಗುವ ಡೇಟಾ), ಅತಿಥಿ ವಿಎಲ್‌ಎಎನ್‌ನಿಂದ 10 ಮತ್ತು 20ಕ್ಕೆ ಹೋಗುವುದೆಲ್ಲ ಡ್ರಾಪ್. ಇನ್‌ಪುಟ್ ಸರಪಳಿಯಲ್ಲಿ (ರೂಟರಿಗೇ ಬರುವ ಡೇಟಾ), ಅತಿಥಿ ಕಡೆಯಿಂದ ಡಿಎನ್‌ಎಸ್‌ಗೆ (ತಾಣದ ಹೆಸರಿನಿಂದ ವಿಳಾಸ ಹುಡುಕುವುದು) 53, ಡಿಎಚ್‌ಸಿಪಿಗೆ (ಸಾಧನಗಳಿಗೆ ಐಪಿ ವಿಳಾಸ ಹಂಚುವುದು) 67 ಪೋರ್ಟು ಬಿಟ್ಟು ಉಳಿದದ್ದೆಲ್ಲ ಡ್ರಾಪ್. ಆಕ್ಸೆಸ್ ಪಾಯಿಂಟಿನಲ್ಲಿ ಕ್ಲೈಂಟ್ ಐಸೊಲೇಶನ್ ಆನ್ ಮಾಡಿ, ಒಬ್ಬ ಅತಿಥಿಯ ಫೋನು ಇನ್ನೊಬ್ಬರ ಲ್ಯಾಪ್‌ಟಾಪನ್ನು ಇಣುಕಬಾರದು. ಇದನ್ನು ಸಿಬ್ಬಂದಿಯ ಹೆಸರಿಗೂ ಆನ್ ಮಾಡಿಬಿಟ್ಟರೆ ವೈಫೈ ಮೇಲಿರುವ ಟ್ಯಾಬಿನಿಂದ ವೈಫೈ ಮೇಲಿರುವ ಪ್ರಿಂಟರಿಗೆ ಕೆಓಟಿ ಹೋಗುವುದಿಲ್ಲ. ಪ್ರಿಂಟರ್ ಕೆಟ್ಟಿದೆ ಎಂದು ರಿಪೇರಿಗೆ ಹೊರುವ ಮೊದಲು ಈ ಸೆಟ್ಟಿಂಗ್ ನೋಡಿ.

ಡಿಎಚ್‌ಸಿಪಿ ಲೀಸ್, ಅಂದರೆ ಒಂದು ವಿಳಾಸವನ್ನು ಕೊಟ್ಟಿರುವ ಅವಧಿ, ಚಿಕ್ಕದಾಗಿರಲಿ. ಅನೇಕ ರೂಟರುಗಳಲ್ಲಿ ಅದು 24 ಗಂಟೆ ಇರುತ್ತದೆ. ಗಿರಾಕಿ 25 ನಿಮಿಷದಲ್ಲಿ ತಿಂದು ಎದ್ದರೂ ಅವರ ವಿಳಾಸ ಮರುದಿನದವರೆಗೆ ಮೀಸಲಾಗಿ ಉಳಿಯುತ್ತದೆ. ನೂರು ವಿಳಾಸದ ಪೂಲ್ ಮಧ್ಯಾಹ್ನದೊಳಗೆ ಖಾಲಿ; ಆಮೇಲೆ ಬಂದವರ ಫೋನು ಐಪಿ ವಿಳಾಸಕ್ಕೆ ಕಾಯುತ್ತಲೇ ಇರುತ್ತದೆ. ಹೋಟೆಲಿಗೆ ಒಂದು ಗಂಟೆಯ ಲೀಸ್ ಸರಿ. ಲಾಡ್ಜಿಗೂ ಅದೇ ನಡೆಯುತ್ತದೆ, ಫೋನು ಅವಧಿಯ ಅರ್ಧದಲ್ಲೇ ನವೀಕರಿಸಿಕೊಳ್ಳುತ್ತದೆ. ಪೂಲನ್ನು 192.168.50.10ರಿಂದ 192.168.50.250ರವರೆಗೆ ಹಾಕಿ.

## ಹಂಚಿಕೆ: ತೂಬಿನ ಕೆಲಸ

ಅನೇಕರು ಮಾಡುವ ತಪ್ಪು, ಒಂದು ಫೋನಿಗೆ ಇಷ್ಟು ಎಂದು ಮಿತಿ ಹಾಕಿ ಕೈತೊಳೆದುಕೊಳ್ಳುವುದು. ತಲೆಗೆ 5 ಎಂಬಿಪಿಎಸ್ ಎಂದಿಟ್ಟು 30 ಫೋನು ಬಂದರೆ 150 ಆಯಿತು, ಲೈನ್ ಇರುವುದು 92. ಮತ್ತೆ ನೂಕುನುಗ್ಗಲು. ತಲೆಗೆ 1 ಎಂದಿಟ್ಟರೆ ನಾಲ್ಕೇ ಜನ ಇರುವ ಮಧ್ಯಾಹ್ನದಲ್ಲೂ ವೈಫೈ ತೆವಳುತ್ತದೆ, 88 ಎಂಬಿಪಿಎಸ್ ಸುಮ್ಮನೆ ಬಿದ್ದಿರುತ್ತದೆ. ಬೇಕಾದ್ದು ಮೂರು ಒಟ್ಟಿಗೆ: ಇಡೀ ಲೈನಿಗೊಂದು ಮಿತಿ, ಮೂರು ಹೋಳುಗಳಿಗೆ ಆದ್ಯತೆ, ಅತಿಥಿಗಳೊಳಗೆ ಸಮಪಾಲು.

ಮೈಕ್ರೋಟಿಕ್‌ನಲ್ಲಿ ಕೈಹಾಕುವ ಮೊದಲ ಕೆಲಸ ಫಾಸ್ಟ್‌ಟ್ರ್ಯಾಕ್ ನಿಯಮವನ್ನು ನಿಷ್ಕ್ರಿಯ ಮಾಡುವುದು. ಕಾರ್ಖಾನೆಯಿಂದ ಬರುವ ಫೈರ್‌ವಾಲಿನಲ್ಲಿ ಅದು ಆನ್ ಇರುತ್ತದೆ. ಅದು ಹಿಡಿದ ಸಂಪರ್ಕಗಳು ಸಿಂಪಲ್ ಕ್ಯೂ (ವೇಗ ಕಟ್ಟುವ ಸರದಿ ನಿಯಮ) ಒಳಗೆ ಬರುವುದೇ ಇಲ್ಲ, ಹಿಂಬಾಗಿಲಿನಿಂದ ಹೋಗುತ್ತವೆ. ಕ್ಯೂ ಎಲ್ಲ ಸರಿಯಾಗಿ ಬರೆದೂ ಮಿತಿ ಹತ್ತುತ್ತಿಲ್ಲ ಎನ್ನುವ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ನಿಯಮ ನಿಲ್ಲಿಸಿದ ಮೇಲೆ ರೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಹಳೆಯ ಸಂಪರ್ಕಗಳು ಬಿಡಲಿ. 100 ಎಂಬಿಪಿಎಸ್ ಲೈನಿಗೆ ಫಾಸ್ಟ್‌ಟ್ರ್ಯಾಕ್ ಇಲ್ಲದೆಯೂ ಹೆಕ್ಸ್ ಸುಸ್ತಾಗುವುದಿಲ್ಲ.

ಎರಡನೆಯದು, ಪ್ರತಿ ವಿಳಾಸಕ್ಕೂ ಸಮಪಾಲು ಹಂಚುವ ಪಿಸಿಕ್ಯೂ ಎಂಬ ಬಗೆಯ ಎರಡು ಕ್ಯೂ ಟೈಪ್. ಡೌನ್‌ಲೋಡಿಗೆ ವಿಂಗಡಣೆ ಡೆಸ್ಟಿನೇಶನ್ (ಡೇಟಾ ತಲುಪುವ) ವಿಳಾಸದ ಮೇಲೆ, ಅಪ್‌ಲೋಡಿಗೆ ಸೋರ್ಸ್ (ಡೇಟಾ ಹೊರಡುವ) ವಿಳಾಸದ ಮೇಲೆ. ಅದಲು ಬದಲಾದರೆ ಯೂಟ್ಯೂಬ್ ಸರ್ವರುಗಳಿಗೆ ಸಮಪಾಲು ಸಿಗುತ್ತದೆ, ನಿಮ್ಮ ಗಿರಾಕಿಗಳಿಗಲ್ಲ. ಡೌನ್‌ಲೋಡಿನ ರೇಟ್ 6 ಎಂಬಿಪಿಎಸ್, ಅಪ್‌ಲೋಡಿನದು 3. ರೇಟ್ ಸೊನ್ನೆ ಇಟ್ಟರೆ ಇರುವವರಿಗೆಲ್ಲ ಇರುವಷ್ಟನ್ನು ಸಮನಾಗಿ ಹಂಚುತ್ತದೆ; ಲಾಡ್ಜು ಮಾತ್ರ ಇದ್ದರೆ ಅದೇ ಒಳ್ಳೆಯದು. ಹೋಟೆಲು ಸೇರಿದಾಗ ತಿಂಗಳ ಡೇಟಾ ಉಳಿಸಲು ಮೇಲ್ಮಿತಿ ಬೇಕು.

ಆರೇ ಎಂಬಿಪಿಎಸ್ ಎಂದು ಗಿರಾಕಿಗೆ ಅನ್ನಿಸಬಾರದು ಎಂದರೆ ಬರ್ಸ್ಟ್ (ಶುರುವಿನ ಕೆಲ ಸೆಕೆಂಡಿನ ಹೆಚ್ಚುವರಿ ವೇಗ) ಕೊಡಿ: ಬರ್ಸ್ಟ್ ರೇಟ್ 15, ಥ್ರೆಶೋಲ್ಡ್ 4, ಟೈಮ್ 30 ಸೆಕೆಂಡ್. ಈ 30 ಸೆಕೆಂಡ್ ನೋಡಿ ಮೋಸಹೋಗಬೇಡಿ, ಅದು ಸರಾಸರಿ ತೆಗೆಯುವ ಅವಧಿ; ಸರಾಸರಿ ಥ್ರೆಶೋಲ್ಡ್ ಮುಟ್ಟಿದ ಕೂಡಲೇ ಬರ್ಸ್ಟ್ ನಿಲ್ಲುತ್ತದೆ. ನಿಜವಾದ ಓಟ ಥ್ರೆಶೋಲ್ಡನ್ನು ಟೈಮಿನಿಂದ ಗುಣಿಸಿ ಬರ್ಸ್ಟ್ ರೇಟಿನಿಂದ ಭಾಗಿಸಿದಷ್ಟು: 4 × 30 ÷ 15, ಅಂದರೆ 8 ಸೆಕೆಂಡ್. ಆ ಎಂಟು ಸೆಕೆಂಡಿನಲ್ಲಿ 15 ಎಂಬಿ ಇಳಿಯುತ್ತದೆ. ವಾಟ್ಸಾಪ್ ಫೋಟೊ, ಟಿಕೆಟ್, ನಕ್ಷೆ ಥಟ್ಟನೆ ತೆರೆದುಕೊಳ್ಳುತ್ತವೆ, ಸಿನಿಮಾ ಇಳಿಸುವವರು ಮಾತ್ರ 6ಕ್ಕೆ ಬರುತ್ತಾರೆ.

ಮೂರನೆಯದು ಸಿಂಪಲ್ ಕ್ಯೂಗಳು. ಮೇಲೊಂದು ತಾಯಿ ಕ್ಯೂ. ಅದರ ಟಾರ್ಗೆಟ್ ಮೂರೂ ವಿಳಾಸ ಗುಂಪುಗಳು, ಡೆಸ್ಟಿನೇಶನ್ ಜಾಗದಲ್ಲಿ ಇಂಟರ್ನೆಟ್ ಕಡೆಯ ಇಂಟರ್‌ಫೇಸ್. ಅಳೆದ ಕನಿಷ್ಠದ 90 ಪ್ರತಿಶತ ಮಿತಿಯಾಗಿ ಹಾಕಿ: ಡೌನ್‌ಲೋಡ್ 83, ಅಪ್‌ಲೋಡ್ 79. ಹತ್ತು ಪ್ರತಿಶತ ಕಳೆದುಕೊಂಡೆವೆಂದು ಮರುಗಬೇಡಿ, ತೂಬು ಕೈಗೆ ಬರಲು ಕೊಡುವ ಬೆಲೆ ಅದು. ಪರದೆಯ ಮೇಲೆ ಅಪ್‌ಲೋಡ್ ಮೊದಲು, ಡೌನ್‌ಲೋಡ್ ಆಮೇಲೆ ಇರುತ್ತದೆ. ಅವಸರದಲ್ಲಿ ಅಂಕಿ ತಿರುವುಮುರುವಾಗುವುದು ಸಾಮಾನ್ಯ.

ಅದರ ಕೆಳಗೆ ಮೂರು ಮಕ್ಕಳು. ಗಲ್ಲಾದ ಕ್ಯೂಗೆ ಲಿಮಿಟ್-ಆಟ್ (ಖಾತ್ರಿಯಾಗಿ ಸಿಗುವ ವೇಗ) ಎರಡೂ ಕಡೆ 10, ಗರಿಷ್ಠ ತಾಯಿಯಷ್ಟೇ, ಆದ್ಯತೆ 1. ಕ್ಯಾಮೆರಾಗೆ ಡೌನ್‌ಲೋಡ್ ಲಿಮಿಟ್-ಆಟ್ 2, ಗರಿಷ್ಠ 5, ಅಪ್‌ಲೋಡ್ 4, ಗರಿಷ್ಠ 8, ಆದ್ಯತೆ 6. ಅತಿಥಿಗೆ ಡೌನ್‌ಲೋಡ್ ಲಿಮಿಟ್-ಆಟ್ 40, ಗರಿಷ್ಠ 70, ಅಪ್‌ಲೋಡ್ 30, ಗರಿಷ್ಠ 60, ಆದ್ಯತೆ 8, ಕ್ಯೂ ಟೈಪ್ ಜಾಗದಲ್ಲಿ ನೀವು ಮಾಡಿದ ಎರಡು ಪಿಸಿಕ್ಯೂ. ಇಲ್ಲಿ 1 ಅತಿ ಮೇಲು, 8 ಅತಿ ಕೆಳಗು. ಮಕ್ಕಳ ಲಿಮಿಟ್-ಆಟ್‌ಗಳ ಮೊತ್ತ ತಾಯಿಯ ಗರಿಷ್ಠ ದಾಟಬಾರದು. ದಾಟಿದರೆ ಆ ಭರವಸೆಗೆ ಅರ್ಥವಿಲ್ಲ. ನಮ್ಮ ಲೆಕ್ಕದಲ್ಲಿ ಡೌನ್‌ಲೋಡ್ 52, ಅಪ್‌ಲೋಡ್ 44, ಎರಡೂ ಮಿತಿಯೊಳಗಿವೆ.

ಕ್ಯಾಮೆರಾಗೆ ಬೇರೆ ಕಟ್ಟು ಹಾಕಿದ್ದಕ್ಕೆ ಕಾರಣವಿದೆ. ಮಾಲೀಕರು ಮನೆಯಲ್ಲಿ ಕೂತು ಎಂಟು ಕ್ಯಾಮೆರಾ ಒಟ್ಟಿಗೆ ತೆರೆದರೆ ಅಷ್ಟೂ ಚಿತ್ರ ಹೋಟೆಲಿನ ಅಪ್‌ಲೋಡ್ ದಾರಿಯಲ್ಲೇ ಹೊರಡಬೇಕು. ದೂರು ಗಿರಾಕಿಗಳ ಮೇಲೆ ಬೀಳುತ್ತದೆ, ದಾರಿ ತುಂಬಿಸಿದ್ದು ಕ್ಯಾಮೆರಾ ಚಿತ್ರ ದಾಖಲಿಸುವ ಡಿವಿಆರ್ ಆಗಿರುತ್ತದೆ. ಡಿವಿಆರ್‌ನಲ್ಲಿ ಮೊಬೈಲ್ ವೀಕ್ಷಣೆಗೆ ಸಬ್‌ಸ್ಟ್ರೀಮ್ (ಕಡಿಮೆ ಗುಣಮಟ್ಟದ ಚಿತ್ರ) ಆರಿಸಿದರೆ ಭಾರ ಇನ್ನೂ ಇಳಿಯುತ್ತದೆ.

ಲೈನಿನಲ್ಲಿ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಬರುತ್ತಿದ್ದರೆ ಒಂದು ಎಚ್ಚರಿಕೆ. ಮೇಲಿನ ಕ್ಯೂಗಳು ಬರೀ ಐಪಿವಿ4 ವಿಳಾಸ ನೋಡುತ್ತವೆ. ಯೂಟ್ಯೂಬಿನಂಥವು ಐಪಿವಿ6 ದಾರಿ ಹಿಡಿದು ನುಸುಳುತ್ತವೆ. ಅತಿಥಿ ವಿಎಲ್‌ಎಎನ್‌ಗೆ ಐಪಿವಿ6 ಕೊಡದಿರುವುದು ಸುಲಭದ ಹಾದಿ.

ಓಪನ್‌ಡಬ್ಲ್ಯುಆರ್‌ಟಿ ಇರುವವರಿಗೆ ಕೆಲಸ ಹಗುರ. ಎಸ್‌ಕ್ಯುಎಂ ಎಂಬ ಸರದಿ ನಿಭಾಯಿಸುವ ಪ್ಯಾಕೇಜ್ ಹಾಕಿ, ಅದರಲ್ಲಿ ಕೇಕ್ ಎಂಬ ವಿಧಾನ ಆರಿಸಿ, ಅದೇ 83 ಮತ್ತು 79 ಕೊಡಿ. ಸುಧಾರಿತ ಆಯ್ಕೆಯಲ್ಲಿ ಅಪ್‌ಲೋಡಿಗೆ ನ್ಯಾಟ್ ಮತ್ತು ಡ್ಯುಯಲ್ ಸೋರ್ಸ್‌ಹೋಸ್ಟ್, ಡೌನ್‌ಲೋಡಿಗೆ ನ್ಯಾಟ್ ಮತ್ತು ಡ್ಯುಯಲ್ ಡೆಸ್ಟ್‌ಹೋಸ್ಟ್ ಬರೆದರೆ ಪ್ರತಿ ಸಾಧನಕ್ಕೂ ತಾನಾಗಿ ಸಮಪಾಲು ಬೀಳುತ್ತದೆ, ಪುಟ್ಟ ಪ್ಯಾಕೆಟ್‌ಗಳು ಕಾಯುವುದೂ ಇಲ್ಲ. ಓಮಾಡಾದಲ್ಲಿ ಆಕ್ಸೆಸ್ ಪಾಯಿಂಟಿನ ತಲಾ ಮಿತಿ ಹಾಕುವುದಾದರೆ ರೂಟರಿನಲ್ಲಿ ಇಡೀ ಲೈನಿನ ಮಿತಿಯನ್ನೂ ಹಾಕಿ. ತಲಾ ಮಿತಿಯನ್ನು ಎರಡೂ ಕಡೆ ಹಾಕಬೇಡಿ; ಮುಂದೆ ಯಾವುದು ಕಟ್ಟುತ್ತಿದೆ ಎಂದು ತಿಳಿಯದೆ ತಡಕಾಡುತ್ತೀರಿ.

ಮುಗಿದ ಮೇಲೆ ಮತ್ತೆ ಪಿಂಗ್ ಪರೀಕ್ಷೆ. ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಪಿಂಗ್ ಓಡುತ್ತಿರಲಿ, ಅತಿಥಿ ವೈಫೈಯಲ್ಲಿ ನಾಲ್ಕು ಫೋನಿನಿಂದ ವಿಡಿಯೊ ಅಪ್‌ಲೋಡ್ ಮಾಡಿಸಿ. ನಾಲ್ಕೂ ತಲಾ ಮಿತಿಯಲ್ಲೇ ನಿಲ್ಲುವುದರಿಂದ ಪಿಂಗ್ ಅಲುಗುವುದಿಲ್ಲ. ನಿಜವಾದ ಪರೀಕ್ಷೆಗೆ ಅತಿಥಿಯ ರೇಟನ್ನು ಸ್ವಲ್ಪ ಹೊತ್ತು ಸೊನ್ನೆ ಮಾಡಿ, ಗಲ್ಲಾದ ಕಂಪ್ಯೂಟರಿನಲ್ಲೂ ಒಂದು ಅಪ್‌ಲೋಡ್ ಶುರುಮಾಡಿ ಲೈನ್ ತುಂಬಿಸಿ. ಆಗಲೂ ಪಿಂಗ್ 50ರ ಕೆಳಗೆ ಇದ್ದರೆ ತಾಯಿ ಮಿತಿ ಸರಿಯಿದೆ. ಏರಿದರೆ ಮಿತಿಯನ್ನು 3 ಎಂಬಿಪಿಎಸ್‌ನಂತೆ ಇಳಿಸುತ್ತಾ ಹೋಗಿ.

## ಗಾಳಿಯಲ್ಲೂ ಒಂದು ಸರದಿ ಇದೆ

ವೈಫೈಯಲ್ಲಿ ಒಂದು ಚಾನೆಲ್ಲಿನ ಮೇಲೆ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ದೂರದ ಮೂಲೆಯಲ್ಲಿ ಕೂತ, ಸಿಗ್ನಲ್ ಬಡವಾದ ಫೋನು 6 ಎಂಬಿಪಿಎಸ್ ವೇಗದಲ್ಲಿ ಮಾತಾಡಿದರೆ, 54ರಲ್ಲಿ ಮಾತಾಡುವ ಫೋನಿಗಿಂತ ಅದೇ ಡೇಟಾಗೆ ಒಂಬತ್ತು ಪಟ್ಟು ಹೊತ್ತು ತಿನ್ನುತ್ತದೆ. ಅಂಥ ಫೋನಿಗೆ ನೀವು ಹಾಕಿದ 6 ಎಂಬಿಪಿಎಸ್ ಮಿತಿ ಏನೂ ಮಾಡದು. ಅದೊಂದೇ ಇಡೀ ಗಾಳಿಯನ್ನು ಹಿಡಿದಿಟ್ಟಿರುತ್ತದೆ.

ಆದ್ದರಿಂದ ಕನಿಷ್ಠ ದರವನ್ನು 12 ಎಂಬಿಪಿಎಸ್ ಮಾಡಿ, 1, 2, 5.5, 11ರ ಹಳೆಯ ದರಗಳನ್ನು ಮುಚ್ಚಿ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 1, 6, 11 ಮೂರೇ ಒಂದರ ಮೇಲೊಂದು ಬೀಳದವು. ಮೂರು ಆಕ್ಸೆಸ್ ಪಾಯಿಂಟಿಗೆ ಒಂದೊಂದು ಕೊಡಿ, ಅಗಲ 20 ಮೆಗಾಹರ್ಟ್ಸ್. 5 ಗಿಗಾಹರ್ಟ್ಸ್‌ನಲ್ಲಿ 36, 44, 149ರಂತೆ ಹಂಚಿ, ಅಗಲ 40. ಅಗಲ 80 ಹಾಕಿದರೆ ಸ್ಪೀಡ್ ಟೆಸ್ಟ್ ಚೆನ್ನಾಗಿ ಕಾಣುತ್ತದೆ, ಅಕ್ಕಪಕ್ಕದ ಪೆಟ್ಟಿಗೆಗಳು ಒಂದನ್ನೊಂದು ತುಳಿಯುತ್ತವೆ. 2.4ರ ಶಕ್ತಿಯನ್ನು 5ಕ್ಕಿಂತ 6 ಡೆಸಿಬಲ್‌ನಷ್ಟು ಇಳಿಸಿ, ಫೋನುಗಳು ತಾವಾಗಿ 5ರ ಕಡೆ ವಾಲುತ್ತವೆ.

ಹಾಲಿನ ಆಕ್ಸೆಸ್ ಪಾಯಿಂಟನ್ನು ಗಲ್ಲಾದ ಹಿಂದೆ ಮೂಲೆಯಲ್ಲಿ ಇಡಬೇಡಿ, ಛಾವಣಿಯ ನಡುವೆ ಕಟ್ಟಿ. ಮೈಕ್ರೋವೇವ್ ಓವನ್ 2.4 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುವುದರಿಂದ ಅದರ ಸಮೀಪ ಬೇಡ. ಆಮೇಲೆ ವೈಫೈ ಅನಲೈಸರ್ ಆ್ಯಪ್ ಹಿಡಿದು ಪ್ರತಿ ಮೇಜು, ಪ್ರತಿ ಮಂಚದ ಬಳಿ ನಿಂತು ನೋಡಿ. ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಬಲವಿದ್ದರೆ ವಿಡಿಯೊ ಸಲೀಸು. ಸಿಗ್ನಲ್ ಮೈನಸ್ 75ಕ್ಕಿಂತ ಬಡವಾದ ರೂಮಿಗೆ ಶಕ್ತಿ ಏರಿಸಿ ಪ್ರಯೋಜನವಿಲ್ಲ. ಪೆಟ್ಟಿಗೆ ಕೂಗಿದ್ದು ಫೋನಿಗೆ ಕೇಳಿಸೀತು, ಫೋನು ಹೇಳಿದ್ದು ಪೆಟ್ಟಿಗೆಗೆ ಕೇಳಿಸದು. ಅಲ್ಲಿಗೆ ಇನ್ನೊಂದು ಆಕ್ಸೆಸ್ ಪಾಯಿಂಟೇ ಬೇಕು.

## ಪಾಸ್‌ವರ್ಡ್, ಲಾಗಿನ್, ಕಾನೂನು

ಸಾರ್ವಜನಿಕ ಜಾಗದ ವೈಫೈ ಬಳಸುವವರ ಗುರುತು ಫೋಟೊ ಗುರುತಿನ ಚೀಟಿಯಿಂದಲೋ ಮೊಬೈಲ್ ಎಸ್‌ಎಂಎಸ್‌ನಿಂದಲೋ ಸಿಗುವಂತಿರಬೇಕು ಎಂದು ದೂರಸಂಪರ್ಕ ಇಲಾಖೆ 2009ರ ಫೆಬ್ರವರಿಯಲ್ಲೇ ಇಂಟರ್ನೆಟ್ ಕಂಪನಿಗಳಿಗೆ ಸೂಚಿಸಿದೆ. ಲೈನು ನಿಮ್ಮ ಹೆಸರಿನಲ್ಲಿದೆ. ಅದರ ಮೇಲೆ ಯಾರಾದರೂ ಅಪರಾಧ ಮಾಡಿದರೆ ವಿಚಾರಣೆ ಮೊದಲು ಬರುವುದು ನಿಮ್ಮ ಬಾಗಿಲಿಗೆ. ಲಾಡ್ಜಿನವರು ಹೇಗೂ ರಿಜಿಸ್ಟರ್ ಬರೆಯುತ್ತಾರೆ, ರೂಮಿಗೊಂದು ವೋಚರ್ ಕೊಟ್ಟು ಅದರ ಸಂಖ್ಯೆಯನ್ನು ರಿಜಿಸ್ಟರಿನಲ್ಲೇ ನಮೂದಿಸಿದರೆ ಕೆಲಸ ಮುಗಿಯಿತು. ಹೋಟೆಲಿಗೆ ಎಸ್‌ಎಂಎಸ್ ಒಟಿಪಿ ಇರುವ ಪೋರ್ಟಲ್ (ಲಾಗಿನ್ ಪುಟ) ಬೇಕು. ವೈಫೈಯನ್ನೇ ಸಣ್ಣ ವ್ಯಾಪಾರ ಮಾಡುವ ಆಸೆಯಿದ್ದರೆ ಕೇಂದ್ರ ಸಂಪುಟ 2020ರ ಡಿಸೆಂಬರ್‌ನಲ್ಲಿ ಒಪ್ಪಿದ ಪಿಎಂ-ವಾಣಿ ಯೋಜನೆ ನೋಡಿ. ಅದರಲ್ಲಿ ಅಂಗಡಿಯವರು ಪಬ್ಲಿಕ್ ಡೇಟಾ ಆಫೀಸ್ ಆಗಲು ಲೈಸೆನ್ಸ್ ಬೇಡ, ಗುರುತಿನ ಹೊಣೆಯನ್ನು ಯೋಜನೆಯ ವ್ಯವಸ್ಥೆಯೇ ಹೊರುತ್ತದೆ. ಲಾಗಿನ್‌ಗೆಂದು ಪಡೆದ ಫೋನ್ ನಂಬರಿಗೆ ಹಬ್ಬದ ಆಫರ್ ಕಳಿಸಬೇಡಿ. ಒಂದು ಕೆಲಸಕ್ಕೆ ಪಡೆದ ಮಾಹಿತಿಯನ್ನು ಅದಕ್ಕೇ ಬಳಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು.

ಹೋಟೆಲಿನಲ್ಲಿ ಸೆಷನ್ ಒಂದು ಗಂಟೆ, ಲಾಡ್ಜಿನಲ್ಲಿ ರೂಮು ಬಿಡುವವರೆಗೆ. ಸಾಧನದ ಮ್ಯಾಕ್ ವಿಳಾಸ (ಅದರ ವೈಫೈ ಗುರುತಿನ ಸಂಖ್ಯೆ) ನಂಬಿ ಮಿತಿ ಕಟ್ಟಬೇಡಿ, ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಫೋನುಗಳು ಜಾಲಕ್ಕೊಂದು ಕೃತಕ ಮ್ಯಾಕ್ ತೋರಿಸುತ್ತವೆ. ವೈಫೈ ಕ್ಯೂಆರ್ ಚೀಟಿಯನ್ನು ಪಾವತಿಯ ಕ್ಯೂಆರ್ ಪಕ್ಕ ಅಂಟಿಸಲೇಬೇಡಿ. ಅವಸರದ ಗಿರಾಕಿ ತಪ್ಪು ಚೌಕ ಸ್ಕ್ಯಾನ್ ಮಾಡಿ ಸರದಿ ನಿಲ್ಲಿಸುತ್ತಾರೆ. ವೈಫೈಯದ್ದು ಮೇಜಿನ ಮೇಲಿರಲಿ, ಬೇರೆ ಬಣ್ಣದಲ್ಲಿರಲಿ.

## ಕೆಡುವ ಕಡೆಗಳು

ಪೋರ್ಟಲ್ ಪುಟ ಕೆಲವರ ಫೋನಿನಲ್ಲಿ ತೆರೆಯುವುದಿಲ್ಲ. ಅವರ ಆಂಡ್ರಾಯ್ಡ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್‌ಗೆ ನಿರ್ದಿಷ್ಟ ಹೆಸರು ಕೊಟ್ಟಿದ್ದರೆ ಲಾಗಿನ್ ಆಗುವ ಮೊದಲು ಅದು ದಾರಿ ಕಾಣದು. ‘ಆಟೋಮ್ಯಾಟಿಕ್’ಗೆ ತರಲು ಹೇಳಿ.

ಅತಿಥಿಗಳಿಗೆ 192.168.0 ಅಥವಾ 192.168.1ರ ವಿಳಾಸ ಬರತೊಡಗಿ ನೆಟ್ ನಿಂತಿತೆಂದರೆ, ಯಾರೋ ಸಣ್ಣ ರೂಟರೊಂದನ್ನು ಲ್ಯಾನ್ ಪೋರ್ಟಿಗೆ ಚುಚ್ಚಿದ್ದಾರೆ, ಅದು ತಾನೂ ವಿಳಾಸ ಹಂಚುತ್ತಿದೆ. ರೂಮುಗಳಲ್ಲಿ ಬಳಸದ ಪೋರ್ಟನ್ನು ಸ್ವಿಚ್ಚಿನಲ್ಲೇ ಮುಚ್ಚಿ, ಇಂಥ ಕಳ್ಳ ಹಂಚಿಕೆ ತಡೆಯುವ ಡಿಎಚ್‌ಸಿಪಿ ಸ್ನೂಪಿಂಗ್ ಇದ್ದರೆ ಆನ್ ಮಾಡಿ.

ಫೈಬರ್ ತುಂಡಾದ ದಿನಕ್ಕೆ ಹೆಕ್ಸ್‌ನ ಯುಎಸ್‌ಬಿಗೆ 4ಜಿ ಡಾಂಗಲ್ ಹಾಕಿ, ಫೈಬರ್ ಇಲ್ಲದಾಗ ಮಾತ್ರ ಬಳಕೆಯಾಗುವಂತೆ ಅದರ ರೂಟಿನ ಡಿಸ್ಟೆನ್ಸ್ 2 ಮಾಡಿ. ಫೈರ್‌ವಾಲಿನಲ್ಲಿ ಅತಿಥಿ ವಿಎಲ್‌ಎಎನ್ ಆ ದಾರಿ ಹಿಡಿಯದಂತೆ ತಡೆಯಿರಿ. ಇಲ್ಲದಿದ್ದರೆ ಸಿಮ್ಮಿನ ದಿನದ ಡೇಟಾವನ್ನು ಅತಿಥಿಗಳ ಫೋನುಗಳು ಕಾಲು ಗಂಟೆಯಲ್ಲಿ ಮುಗಿಸುತ್ತವೆ, ಬಿಲ್ಲಿಂಗಿಗೆ ಏನೂ ಉಳಿಯದು.

ಶಿವರಾತ್ರಿ ಹೊತ್ತಿನ ಸಿದ್ಧಗಂಗಾ ಜಾತ್ರೆ, ಮದುವೆ ಮುಹೂರ್ತಗಳು, ಪರೀಕ್ಷೆ ಬರೆಯಲು ಊರಿಗೆ ಬರುವವರು: ಇಂಥ ದಿನ ಜನ ಎರಡು ಮೂರು ಪಟ್ಟು. ಹಿಂದಿನ ದಿನವೇ ಅತಿಥಿಯ ರೇಟನ್ನು 6ರಿಂದ 3ಕ್ಕೆ, ಅಪ್‌ಲೋಡನ್ನು 1ಕ್ಕೆ ಇಳಿಸಿ, ಬರ್ಸ್ಟ್ ಥ್ರೆಶೋಲ್ಡನ್ನೂ ರೇಟಿಗಿಂತ ಕೆಳಗೆ, 2ಕ್ಕೆ ತನ್ನಿ, ಲೀಸ್ 30 ನಿಮಿಷ ಮಾಡಿ. ವಿಳಾಸ ಸಾಲದೆನಿಸಿದರೆ ಅತಿಥಿ ಗುಂಪನ್ನು 192.168.50.0/23 ಮಾಡಿದರೆ 510 ವಿಳಾಸ ಸಿಗುತ್ತದೆ. ಆಗ ಕ್ಯೂ ಟಾರ್ಗೆಟ್ಟಿನಲ್ಲೂ /23 ಎಂದು ತಿದ್ದಲು ಮರೆಯಬೇಡಿ, ಮರೆತರೆ 192.168.51ರವರಿಗೆ ಮಿತಿಯೇ ಇರದು. ಎಲ್ಲ ಸರಿಯಿದ್ದಾಗಲೇ ರೂಟರಿನ ಸೆಟ್ಟಿಂಗನ್ನು ಬ್ಯಾಕಪ್ ಮಾಡಿ ಪೆನ್‌ಡ್ರೈವಿಗೆ ಹಾಕಿಡಿ. ಪಿಪಿಪಿಓಇ ಹೆಸರು, ಮೂರು ವಿಎಲ್‌ಎಎನ್ ಸಂಖ್ಯೆ, ತಾಯಿ ಕ್ಯೂನ ಎರಡು ಅಂಕಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ರೂಟರಿನ ಪೆಟ್ಟಿಗೆಯ ಒಳಬಾಗಿಲಿಗೆ ಅಂಟಿಸಿ.